ಒಂದೇ ಬೆರಳಿನ ಸಿ ಮೇಜರ್

ಚಂದ್ರಗುತ್ತಿಯ ರೇಣುಕಾಂಬೆಯ ಗುಡ್ಡದ ಆಸುಪಾಸಿನಲ್ಲಿ ಬೆಳೆದವರಿಗೆ ಚೌಡಿಕೆ ಹೊಸತಲ್ಲ. ಜೋಗತಿಯರ ಕೈಯ ಆ ವಾದ್ಯಕ್ಕೆ ಇರುವುದು ಒಂದೇ ತಂತಿ. ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಎಲ್ಲಿ ನಿಲ್ಲಬೇಕೆಂದು ಹೇಳುವುದು ಕಿವಿ. ಯುಕುಲೇಲೆ ಕೊಂಡ ಈ ಸೀಮೆಯ ಮಕ್ಕಳಿಗೆ ನನ್ನ ಮಾತೂ ಅದೇ. ಚುಕ್ಕೆ ಇಟ್ಟ ಕಾರ್ಡ್ ಚಿತ್ರಗಳನ್ನು ಆಮೇಲೆ ನೋಡಿ, ಮೊದಲು ಕಿವಿ ಕೊಡಿ.

ಎದೆಗಾನಿಸಿ ಹಿಡಿದಾಗ ನಾಲ್ಕು ತಂತಿಗಳು ಮೇಲಿನಿಂದ ಕೆಳಕ್ಕೆ ಜಿ, ಸಿ, ಇ, ಎ. ಸಿ ಷಡ್ಜವಾದರೆ ಅವೇ ಪ, ಸ, ಗ, ದ. ಸಾಮಾನ್ಯ ಶ್ರುತಿಯಲ್ಲಿ ಆ ಪಂಚಮ ಮಂದ್ರದ್ದಲ್ಲ, ಷಡ್ಜಕ್ಕಿಂತ ಮೇಲಿನದು. ಬೆರಳೇ ಇಡದೆ ಮೀಟಿದರೂ ಮೋಹನದ ಐದು ಸ್ವರಗಳಲ್ಲಿ ನಾಲ್ಕು ನುಡಿಯುತ್ತವೆ! ಮೇಜರ್ ಕಾರ್ಡ್ ಎಂದರೆ ಷಡ್ಜ, ಅಂತರ ಗಾಂಧಾರ, ಪಂಚಮ ಒಟ್ಟಿಗೆ ಕೇಳುವುದು. ಮೂರೂ ಆಗಲೇ ಸಿದ್ಧ. ಹೊರಗುಳಿದದ್ದು ಧೈವತ ಮಾತ್ರ. ಎ ತಂತಿಯನ್ನು ಮೂರನೆಯ ಮನೆಯಲ್ಲಿ ಉಂಗುರ ಬೆರಳಿನಿಂದ ಒತ್ತಿದರೆ ಅದು ಎರಡು ನಿಷಾದಗಳನ್ನು ದಾಟಿ ಮೇಲಿನ ಷಡ್ಜವಾಗುತ್ತದೆ. ಸಿ ಮೇಜರ್ ಬಂತು.

ಬೆರಳು ಲೋಹದ ಮೆಟ್ಟಿಲ ಮೇಲೆ ಕೂರಬಾರದು, ಬಿರಡೆಗಳ ಕಡೆಗೆ ಅದಕ್ಕೆ ತಾಗಿದಂತೆ ನಿಲ್ಲಬೇಕು. ಒತ್ತಡ ಹೆಚ್ಚಾದರೆ ಷಡ್ಜ ಏರಿಬಿಡುತ್ತದೆ. ಬೆರಳು ವಾಲಿ ಇ ತಂತಿಗೆ ತಗುಲಿದರೆ ಗಾಂಧಾರವೇ ಮೂಕ. ಅದಕ್ಕೇ ಮೊದಲು ಒಂದೊಂದಾಗಿ ಮೀಟಿ ನೋಡಿ.

ನನಗೆ ಮುಖ್ಯವೆನಿಸುವುದು ಆ ಗಾಂಧಾರ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಏಳುತ್ತದೆ. ಷಡ್ಜದ ಐದು ಪಟ್ಟು ವೇಗದ ಕಂಪನವದು. ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅಂದರೆ ಈ ಕಾರ್ಡ್‌ನ ತಿರುಳು ನಮ್ಮ ಮನೆಗಳಲ್ಲಿ ಎಂದಿನಿಂದಲೂ ಮೊಳಗುತ್ತಿದೆ. ಯುಕುಲೇಲೆಯಾದರೋ ಸ್ಥಾಯಿಯನ್ನು 12 ಸಮಪಾಲು ಮಾಡಿದ ವಾದ್ಯ. ಯಂತ್ರ ನೋಡಿ ಶ್ರುತಿ ಮಾಡಿದರೆ ಅದರ ಗಾಂಧಾರ ಸ್ವಯಂಭೂವಿಗಿಂತ ಸುಮಾರು 14 ಸೆಂಟ್, ಎಂದರೆ ಅರ್ಧ ಸ್ವರದ ಏಳನೆಯ ಒಂದು ಪಾಲು, ಮೇಲಿರುತ್ತದೆ. ತಂಬೂರಿ ಕೇಳಿದ ಕಿವಿಗೆ ಅದು ಚುಚ್ಚುತ್ತದೆ.

ಈ ವಾದ್ಯದ ಮೂಲ 1879ರಲ್ಲಿ ಮದೀರಾ ದ್ವೀಪದವರು ಹವಾಯಿಗೆ ಒಯ್ದ ಪುಟ್ಟ ತಂತಿವಾದ್ಯ. ಅಲ್ಲಿ ಅದಕ್ಕೆ ಒದಗಿದ ಕೋವಾ ಮರ ನಮ್ಮ ನೆಡುತೋಪುಗಳ ಅಕೇಶಿಯಾದ ದೂರದ ನೆಂಟ. ಮಲೆನಾಡಿನ ಮಳೆಗೆ ಮರ ಉಬ್ಬುತ್ತದೆ, ಹೊಸ ನೈಲಾನ್ ತಂತಿ ದಿನಗಟ್ಟಲೆ ಸಡಿಲುತ್ತಲೇ ಇರುತ್ತದೆ. ಹೇಗೂ ದಿನವೂ ಬಿರಡೆ ತಿರುಗಿಸಲೇಬೇಕಲ್ಲ, ಆಗ ಇ ತಂತಿಯನ್ನು ಕೂದಲೆಳೆಯಷ್ಟು ಇಳಿಸಿ ಸಿ ಮೇಜರ್ ಮೀಟಿ. ನಾಲ್ಕೂ ದನಿ ಕರಗಿ ಒಂದಾಗುವ ಜಾಗ ಸಿಗುತ್ತದೆ. ಅದೇ ತಂತಿಯ ಮೊದಲ ಮನೆ ಎಫ್ ಮೇಜರ್‌ಗೆ ಷಡ್ಜವಾದ್ದರಿಂದ ಅಲ್ಲಿ ಈ ಇಳಿಕೆ ಸಲ್ಲದು. ಎಫ್ ಕಲಿಯುವ ದಿನ ಯಂತ್ರದ ಶ್ರುತಿಗೆ ಮರಳಿದರಾಯಿತು.