ಆ ದಾರಿಯ ಉದ್ದ ಎಷ್ಟು?

ಓದಬೇಕೆಂದು ಕೈಗೆತ್ತಿಕೊಂಡರೆ ಓದಿಸಿಕೊಳ್ಳದ ಪುಸ್ತಕಗಳು ಕೆಲವಿವೆ. ಅಡುಗೆ ಪುಸ್ತಕ ಅಂಥದು, ರೈಲಿನ ವೇಳಾಪಟ್ಟಿ ಅಂಥದು. ಲೊಯೋಲಾದ ಸಂತ ಇಗ್ನೇಷಿಯಸರ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಸ್ತಕವೂ ಅಂಥದೇ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಗದ್ಯದ ರುಚಿ ಅಷ್ಟಿಷ್ಟು ಗೊತ್ತೆಂಬ ಜಂಬವಿತ್ತು. ಆ ಜಂಬದ ಕಣ್ಣಿಗೆ ಇದರಲ್ಲಿ ಕಂಡದ್ದು ಸೂಚನೆ, ಉಪಸೂಚನೆ, ಮತ್ತೆ ಸೂಚನೆ. ಉಪಮೆಯಿಲ್ಲ, ಲಯವಿಲ್ಲ, ಒಂದು ಒಳ್ಳೆಯ ಮಾತು ಹೇಳಿ ನಿಲ್ಲುವ ಬಿಡುವೂ ಇಲ್ಲ. ಆದರೂ ಈ ಪುಸ್ತಕವನ್ನು ಬಿಟ್ಟೆನೆಂದರೂ ಅದು ನನ್ನನ್ನು ಬಿಟ್ಟಿಲ್ಲ. ಏಕೆಂದು ವಿಚಾರಿಸುವುದಕ್ಕೇ ಈ ಬರಹ.

ಮೊದಲು ಪುಸ್ತಕದ ಜಾತಕ. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿಯ ಗುಂಡು ತಗಲಿ ಇಗ್ನೇಷಿಯಸರ ಕಾಲು ಮುರಿಯಿತು. ಲೊಯೋಲಾದ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಹೋಗಲೆಂದು ಅವರು ಕೇಳಿದ್ದು ವೀರಯೋಧರ ಪ್ರಣಯಕಥೆಗಳನ್ನು. ಮನೆಯಲ್ಲಿದ್ದದ್ದು ಸ್ಯಾಕ್ಸನಿಯ ಲುಡಾಲ್ಫ್ ಬರೆದ ಕ್ರಿಸ್ತಚರಿತ್ರೆ, ಮತ್ತೊಂದು ಸಂತರ ಕಥೆಗಳ ಸಂಗ್ರಹ. ಬೇರೆ ದಾರಿಯಿಲ್ಲದೆ ಅವನ್ನೇ ಓದಿದರು. ನಡುನಡುವೆ ಹಳೆಯ ಅಭ್ಯಾಸದಂತೆ ರಾಜಕುಮಾರಿ, ಕತ್ತಿ, ಕೀರ್ತಿಗಳ ಹಗಲುಗನಸು. ಆಗ ಒಂದು ವಿಷಯ ಅವರ ಗಮನಕ್ಕೆ ಬಂತು. ಎರಡು ಬಗೆಯ ಕನಸೂ ಕಾಣುವಾಗ ಹಿತವೇ. ಆದರೆ ಮುಗಿದ ಮೇಲೆ ಒಂದು ಮನಸ್ಸನ್ನು ಒಣಗಿಸುತ್ತದೆ, ಇನ್ನೊಂದು ತಂಪಾಗಿ ಉಳಿಯುತ್ತದೆ. ಇದನ್ನು ಧರ್ಮಶಾಸ್ತ್ರದ ಶೋಧವೆನ್ನುವುದಕ್ಕಿಂತ ಒಬ್ಬ ಓದುಗನ ಶೋಧವೆನ್ನಬೇಕು. ಪುಸ್ತಕ ಮುಚ್ಚಿದ ಮೇಲೆ ಬಾಯಲ್ಲಿ ಉಳಿಯುವ ರುಚಿಯಿಂದ ಅದರ ಯೋಗ್ಯತೆಯನ್ನು ಅಳೆಯುವುದು ವಿಮರ್ಶಕರಾದ ನಮಗೂ ತಿಳಿದ ಕ್ರಮವಷ್ಟೆ. ಮರುವರ್ಷ ಮಾನ್ರೇಸಾ ಎಂಬ ಊರಿನಲ್ಲಿ ಅವರು ಟಿಪ್ಪಣಿಗಳನ್ನು ಬರೆಯತೊಡಗಿದರು. ಅವು ಬೆಳೆದು, ಮೂರನೆಯ ಪೌಲ್ ಪೋಪರ ಒಪ್ಪಿಗೆ ಪಡೆದು 1548ರಲ್ಲಿ ರೋಮಿನಲ್ಲಿ ಅಚ್ಚಾದವು.

ಶಾಸ್ತ್ರವಾಕ್ಯವನ್ನಿಟ್ಟುಕೊಂಡು ಪ್ರಾರ್ಥಿಸುವುದನ್ನು ಇಗ್ನೇಷಿಯಸರೇ ಆರಂಭಿಸಿದರೆಂದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಾರ್ತೂಸಿಯನ್ ಮಠದ ಎರಡನೆಯ ಗೀಗೋ ಎಂಬ ಗುರು ನಾಲ್ಕು ಮೆಟ್ಟಿಲುಗಳ ಏಣಿಯೊಂದನ್ನು ವಿವರಿಸಿದ್ದರು: ಓದು, ಮನನ, ಪ್ರಾರ್ಥನೆ, ದರ್ಶನ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆಗೆ ರುಚಿ ಸಿಗುತ್ತದೆ, ದರ್ಶನವೆಂದರೆ ಆ ಸವಿಯೇ ಎಂಬುದು ಅವರ ಹೋಲಿಕೆ. ಶ್ರವಣ, ಮನನ, ನಿದಿಧ್ಯಾಸನಗಳ ಮಾತು ಕೇಳಿ ಬೆಳೆದ ನಮಗೆ ಇದು ಕೂಡಲೇ ಹತ್ತಿರವಾಗುತ್ತದೆ. ಎರಡೂ ಒಂದೇ ಎಂದು ನಾನು ಹೇಳಲಾರೆ. ಅಲ್ಲಿ ಹುಡುಕುವುದು ಅರಿವನ್ನು, ಇಲ್ಲಿ ಒಬ್ಬ ವ್ಯಕ್ತಿಯನ್ನು. ಆದರೆ ಮಾತನ್ನು ಅಗಿಯಬೇಕು ಎಂಬುದರಲ್ಲಿ ಇಬ್ಬರಿಗೂ ಜಗಳವಿಲ್ಲ.

ಗೀಗೋ ಮಾತನ್ನು ಮಾತಾಗಿಯೇ ಇಟ್ಟುಕೊಂಡರು. ಇಗ್ನೇಷಿಯಸರು ಅದನ್ನು ಸ್ಥಳವಾಗಿ ಮಾಡಿದರು. ಕ್ರಿಸ್ತಜನನದ ಧ್ಯಾನವನ್ನು ನೋಡಿ. ನಜರೇತಿನಿಂದ ಬೆತ್ಲೆಹೇಮಿಗೆ ಹೋಗುವ ದಾರಿಯನ್ನು ಕಾಣು ಎನ್ನುತ್ತಾರೆ. ಅದು ಎಷ್ಟು ಉದ್ದ, ಎಷ್ಟು ಅಗಲ? ಸಮತಟ್ಟೋ, ಗುಡ್ಡ ಕಣಿವೆಗಳ ನಡುವೆಯೋ? ಗುಹೆ ದೊಡ್ಡದೋ ಚಿಕ್ಕದೋ, ತಗ್ಗೋ ಎತ್ತರವೋ? ಶುಭಸಂದೇಶದಲ್ಲಿ ಇಲ್ಲದ ಒಬ್ಬ ಮನೆಗೆಲಸದ ಹುಡುಗಿಯನ್ನೂ ಅವರು ಆ ಪಯಣಕ್ಕೆ ಸೇರಿಸುತ್ತಾರೆ. ಧ್ಯಾನಿಸುವವನು ಅಲ್ಲಿ ಬಡ ಸೇವಕನಾಗಿ ನಿಂತು ಕೈಲಾದ ಚಾಕರಿ ಮಾಡಬೇಕು. ಇಷ್ಟೆಲ್ಲ ಕೇಳಿದವರು ಒಂದು ಪ್ರಶ್ನೆಗೂ ಉತ್ತರ ಹೇಳುವುದಿಲ್ಲ. ಗುಹೆ ತಗ್ಗೋ ಎತ್ತರವೋ, ನಮಗೇ ಬಿಟ್ಟದ್ದು.

ನಾನು ಒಣಕಲು ಎಂದುಕೊಂಡದ್ದು ಇದನ್ನೇ. ಹೇಳಿಕೊಡುವವರು ಕಥೆಯನ್ನು ಚುಟುಕಾಗಿ, ನಿಜವಾಗಿ ಹೇಳಿ ಸುಮ್ಮನಾಗಬೇಕು, ಬಹಳ ತಿಳಿದುಕೊಳ್ಳುವುದರಿಂದ ಆತ್ಮಕ್ಕೆ ತೃಪ್ತಿಯಿಲ್ಲ, ಒಳಗೆ ಸವಿದರೆ ಮಾತ್ರ ಎಂಬುದು ಅವರು ಆರಂಭದಲ್ಲೇ ಹಾಕುವ ಕಟ್ಟಳೆ. ಪುಸ್ತಕದ ಬಡತನ ಓದುಗನಿಗೆ ಬಿಟ್ಟ ಜಾಗ. ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1971ರ ತಮ್ಮ ಕೃತಿಯಲ್ಲಿ ಇದನ್ನು ಒಂದು ಪಠ್ಯವಲ್ಲ, ನಾಲ್ಕು ಪಠ್ಯ ಎಂದು ಎಣಿಸಿದರು: ಇಗ್ನೇಷಿಯಸರು ಗುರುವಿಗೆ ಹೇಳುವುದು, ಗುರು ಸಾಧಕನಿಗೆ ಹೇಳುವುದು, ಸಾಧಕ ದೇವರಿಗೆ ಹೇಳುವುದು, ದೇವರು ಸಾಧಕನಿಗೆ ಹೇಳುವುದು. ಅಚ್ಚಾದದ್ದು ಮೊದಲನೆಯದು ಮಾತ್ರ. ಉಳಿದ ಮೂರನ್ನು ಓದದೆ ನಾನು ಶೈಲಿಯ ತೀರ್ಪು ಕೊಟ್ಟಿದ್ದೆ.

ಚಿಕ್ಕಂದಿನಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಅಪ್ಪನ ಕೈಹಿಡಿದು ಹೋಗಿದ್ದೆ. ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಆಂಟೋನಿಯೋ ಮೊಸ್ಕೇನಿ ಆ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ್ದಾರೆ. ಕತ್ತು ನೋಯುವವರೆಗೂ ನೋಡಿದೆ. ಸ್ಥಳವನ್ನು ಕಲ್ಪಿಸಿಕೊಳ್ಳುವುದೆಂದರೆ ಇದೇ ಎಂದು ಬಹುಕಾಲ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಇಗ್ನೇಷಿಯಸರು ಕೇಳಿದ ಪ್ರಶ್ನೆಗೆ ಮೊಸ್ಕೇನಿ ಬರೆದ ಉತ್ತರ ಅದು, ಬಲು ಚೆಲುವಾದ ಉತ್ತರ. ಆದರೆ ಒಬ್ಬರ ಉತ್ತರವನ್ನು ಇನ್ನೊಬ್ಬರು ಬರೆಯುವಂತಿಲ್ಲ.

ನನ್ನ ಉತ್ತರದ ಕಥೆ ಹೇಳಬೇಕು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿ ಮೌನ ಧ್ಯಾನಕೂಟಕ್ಕೆ ಹೋದಾಗ ಅಲ್ಲಿದ್ದ ಹಿರಿಯ ಪಾದ್ರಿಗಳೊಬ್ಬರು ನನಗೆ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದ ಯಾಯೀರನ ಪ್ರಸಂಗ ಕೊಟ್ಟರು. ಇಗ್ನೇಷಿಯಸರ ಪಟ್ಟಿಯಲ್ಲಿ ಈ ಪ್ರಸಂಗವಿಲ್ಲ, ಅವರೇ ಆರಿಸಿದ್ದು. ಹನ್ನೆರಡು ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ತಂದೆ ಬಂದು ಯೇಸುಸ್ವಾಮಿಯ ಕಾಲಿಗೆ ಬೀಳುತ್ತಾನೆ, ಇಬ್ಬರೂ ಹೊರಡುತ್ತಾರೆ. ನಾನು ಜನಜಂಗುಳಿಯಲ್ಲಿ ನಿಂತೆ, ಧೂಳು ಕಂಡೆ, ಕೊನೆಗೆ ಹುಡುಗಿ ಎದ್ದದ್ದನ್ನೂ ಕಂಡೆ. ಕಣ್ಣಲ್ಲಿ ನೀರು ಬಂತು. ಎಷ್ಟು ಸುಲಭ ಎಂದುಕೊಂಡೆ.

ಹದಿನೇಳು ವರ್ಷಗಳ ಬಳಿಕ ನನ್ನ ತಂಗಿ ಆಸ್ಪತ್ರೆಯಲ್ಲಿದ್ದಳು. ಮನೆಯಲ್ಲಿ ಸಂಜೆಯ ತೇರ್ಸು ಒಂದು ದಿನವೂ ತಪ್ಪಲಿಲ್ಲ. ವಾರ್ಡಿನ ಹೊರಗೆ ಪರಿಚಯದವರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಮಾಸ್ಟ್ರೇ, ನೀವು ಪೂರ್ತಿ ನಂಬಿದರೆ ಅವಳು ಏಳುತ್ತಾಳೆ, ಯಾಯೀರನ ಮಗಳು ಎದ್ದಿಲ್ವಾ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾಲ್ಕನೆಯ ದಿನ ಬೆಳಗಿನ ಜಾವ ತಂಗಿ ತೀರಿಕೊಂಡಳು. ಹಾಗಾದರೆ ಕಡಿಮೆಯಾದದ್ದು ನನ್ನ ನಂಬಿಕೆಯೇ ಎಂಬ ಲೆಕ್ಕ ನನ್ನಲ್ಲೇ ಉಳಿಯಿತು. ಐದಾರು ವರ್ಷ ಆ ಅಧ್ಯಾಯವನ್ನು ತೆರೆಯಲಿಲ್ಲ.

ಮತ್ತೆ ತೆರೆದದ್ದು ಭಕ್ತಿಯಿಂದಲ್ಲ. ತರಗತಿಯಲ್ಲಿ ಕಥನದ ಪಾಠಕ್ಕೆ ಚಿಕ್ಕದೊಂದು ಉದಾಹರಣೆ ಬೇಕಿತ್ತು. ಪಾಠದ ಕಣ್ಣಿನಿಂದ ನೋಡಿದಾಗ ಅಲ್ಲಿಯವರೆಗೆ ಕಾಣದ್ದು ಕಂಡಿತು. ದಾರಿಯಲ್ಲಿ ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಯೇಸುಸ್ವಾಮಿಯ ಉಡುಪನ್ನು ಮುಟ್ಟುತ್ತಾಳೆ. ಅವರು ನಿಂತು, ಯಾರು ಮುಟ್ಟಿದ್ದೆಂದು ವಿಚಾರಿಸುತ್ತಾರೆ. ಅಷ್ಟರಲ್ಲಿ ಮನೆಯಿಂದ ಮಗಳು ಸತ್ತ ಸುದ್ದಿ ಬರುತ್ತದೆ. ಹೆದರದೆ ನಂಬಿಕೆಯೊಂದನ್ನೇ ಇಟ್ಟುಕೊಳ್ಳುವಂತೆ ಅವರು ತಂದೆಗೆ ಹೇಳುತ್ತಾರೆ. ಮುಂದಿನ ದೃಶ್ಯ ಮನೆಬಾಗಿಲ ಗೋಳಾಟ. ಸುದ್ದಿ ಕೇಳಿದ ಜಾಗಕ್ಕೂ ಮನೆಗೂ ನಡುವಿನ ದಾರಿಯ ಬಗ್ಗೆ ಮಾರ್ಕ ಒಂದು ಅಕ್ಷರ ಬರೆದಿಲ್ಲ. ಮೊದಲು ಬೇಡಿಕೊಂಡ ಮೇಲೆ ಯಾಯೀರನಿಗೆ ಇಡೀ ಪ್ರಸಂಗದಲ್ಲಿ ಇನ್ನೊಂದು ಮಾತೂ ಇಲ್ಲ.

ಆಗ ಇಗ್ನೇಷಿಯಸರ ಒಣಕಲು ಪ್ರಶ್ನೆ ನೆನಪಾಯಿತು. ಆ ದಾರಿಯ ಉದ್ದ ಎಷ್ಟು? ನಾಲ್ಕು ಹೆಜ್ಜೆಯೋ, ನಾಲ್ಕು ಮೈಲಿಯೋ? ಇಪ್ಪತ್ತೆರಡರಲ್ಲಿ ನಾನು ಆ ದಾರಿಯನ್ನು ಜಿಗಿದು ನೇರವಾಗಿ ಹಾಸಿಗೆಯ ಬಳಿಗೆ ಹೋಗಿದ್ದೆ. ಆಸ್ಪತ್ರೆಯ ಆ ಪರಿಚಯದವರು ಮಾಡಿದ್ದೂ ಅದನ್ನೇ. ಯಾಯೀರನಿಗೆ ಭರವಸೆಯಿಡು ಎಂದದ್ದು ದಾರಿಯಲ್ಲಿ, ಸುದ್ದಿ ಕಿವಿಗೆ ಬಿದ್ದ ಮೇಲೆ, ಮುಂದೇನೆಂದು ತಿಳಿಯದಿರುವಾಗ. ಅವನು ಏನು ನಂಬಿದನೋ ಮಾರ್ಕ ಹೇಳುವುದಿಲ್ಲ. ಅವರ ಜೊತೆ ನಡೆದ, ಅಷ್ಟೆ. ಭರವಸೆಯೆಂದರೆ ಫಲಕ್ಕೆ ಮುಂಗಡವಾಗಿ ಕಟ್ಟುವ ಹಣವೆಂದು ತಿಳಿದವನಿಗೆ ಅದು ಜೊತೆ ಬಿಡದೆ ನಡೆಯುವುದೂ ಆಗಿರಬಹುದೆಂದು ಕಂಡದ್ದು ಆಗ. ಮನಸ್ಸು ಬರಡಾದಾಗ ಹಿಂದಿನ ನಿರ್ಧಾರ ಬದಲಿಸಬೇಡ, ಧ್ಯಾನದ ಗಂಟೆಗಿಂತ ತುಸು ಹೆಚ್ಚೇ ಕೂತಿರು ಎಂಬ ಇಗ್ನೇಷಿಯಸರ ನಿಯಮಗಳನ್ನು ನಾನು ಸಿಪಾಯಿಯ ಶಿಸ್ತು ಎಂದಿದ್ದೆ. ಅವು ಈ ದಾರಿಯಲ್ಲಿ ನಡೆಯುವವನಿಗೆ ಹೇಳಿದವು.

ಹಾಗೆಂದು ಪುಸ್ತಕವನ್ನು ಪೂರ್ತಿ ಒಪ್ಪಿದೆನೆಂದಲ್ಲ. ನರಕವನ್ನು ಐದೂ ಇಂದ್ರಿಯಗಳಿಂದ ಅನುಭವಿಸಬೇಕೆನ್ನುವ ಧ್ಯಾನ ಹೆದರಿದವರನ್ನು ಇನ್ನಷ್ಟು ಹೆದರಿಸುತ್ತದೆ. ಧರ್ಮಸಭೆ ಕಪ್ಪೆಂದು ತೀರ್ಮಾನಿಸಿದರೆ ನನ್ನ ಕಣ್ಣಿನ ಬಿಳಿಯನ್ನೂ ಕಪ್ಪೆಂದು ನಂಬಬೇಕೆನ್ನುವ ಕೊನೆಯ ಭಾಗದ ನಿಯಮ, ಪುಸ್ತಕವೇ ಓದುಗನಿಗೆ ಕೊಟ್ಟ ಜಾಗವನ್ನು ಕಸಿದುಕೊಂಡಂತೆ ಕಾಣುತ್ತದೆ. ಕಲ್ಪನೆ ಎಲ್ಲರಿಗೂ ಒಲಿಯುವುದೂ ಇಲ್ಲ. ಅದೇ ಶತಮಾನದ, ಅದೇ ಸ್ಪೇನಿನ ಆವಿಲಾದ ಸಂತ ತೆರೇಸಾ ತಮಗೆ ಕಲ್ಪನಾಶಕ್ತಿ ಕಡಿಮೆಯೆಂದು ಒಪ್ಪಿಕೊಂಡವರು. ಪಕ್ಕದಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರಲು ಅವರಿಗೆ ವರ್ಷಗಟ್ಟಲೆ ಧೈರ್ಯವಿರಲಿಲ್ಲ. ಅಂಥವರಿಗೆ ಗೀಗೋ ಅವರ ಏಣಿಯೇ ಮೇಲು. ಇನ್ನೊಂದು ಅಪಾಯವೂ ಇದೆ. ಖಾಲಿ ಜಾಗ ಸಿಕ್ಕಿದ ಕೂಡಲೇ ನಮ್ಮ ಆಸೆಯನ್ನೇ ಅಲ್ಲಿ ತುಂಬಿ ದೇವರ ಮಾತೆಂದು ಕರೆದುಬಿಡುತ್ತೇವೆ. ಅದಕ್ಕೇ ಕಥೆಯನ್ನು ನಿಜವಾಗಿ ಹೇಳಬೇಕೆಂಬ ಕಟ್ಟಳೆ.

ಯಾಯೀರನ ಮಗಳು ಎದ್ದಳು, ನನ್ನ ತಂಗಿ ಏಳಲಿಲ್ಲ. ಈ ಅಂತರವನ್ನು ಯಾವ ಧ್ಯಾನವೂ ಮುಚ್ಚಲಾರದು, ಮುಚ್ಚುತ್ತೇನೆಂದು ಹೇಳುವ ಪುಸ್ತಕವನ್ನು ನಾನು ನಂಬಲಾರೆ. ಇಗ್ನೇಷಿಯಸರು ಹಾಗೆ ಹೇಳುವುದಿಲ್ಲ. ಧ್ಯಾನದ ಕೊನೆಯಲ್ಲಿ ಸ್ನೇಹಿತನೊಡನೆ ಮಾತಾಡುವಂತೆ ಸ್ವಾಮಿಯೊಡನೆ ಮಾತಾಡು ಎನ್ನುತ್ತಾರೆ. ಈಗಲೂ ಕೆಲವು ಬೆಳಿಗ್ಗೆ ಆ ಅಧ್ಯಾಯ ತೆರೆದು ಕೂರುತ್ತೇನೆ. ಮನೆಯವರೆಗೆ ಹೋಗುವುದಿಲ್ಲ. ದಾರಿಯಲ್ಲೇ, ಯಾಯೀರನಿಂದ ಒಂದೆರಡು ಹೆಜ್ಜೆ ಹಿಂದೆ, ತಂಗಿಯ ವಿಷಯ ಹೇಳುತ್ತಾ ನಡೆಯುತ್ತೇನೆ. ಅವರು ಮುಂದೆ ಹೋಗಿಬಿಟ್ಟಿದ್ದಾರೆ ಎಂದು ಮಾತ್ರ ಒಮ್ಮೆಯೂ ಅನ್ನಿಸಿಲ್ಲ.