ನಿದ್ದೆಗೆ ಜಾರಿದ ಜೋ ಮತ್ತು ಇಬ್ಬರು ವೆಲ್ಡರ್‌ಗಳು

1944ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಕಾರ್ಮಿಕ ಸಂಘಗಳು ರೂಸ್‌ವೆಲ್ಟ್ ಪರವಾಗಿ ನಡೆಸಿದ ಪ್ರಚಾರದ ಎರಡು ಕೃತಿಗಳು ಇಂದಿಗೂ ನೋಡಲು ಸಿಗುತ್ತವೆ. ಒಂದು ಕಾರ್ಟೂನ್ ಚಿತ್ರ, ಇನ್ನೊಂದು ಭಿತ್ತಿಪತ್ರ. ಕತೆ ಬರೆಯುವ ನಮಗೆ ಕತೆಯಿರುವ ಕಾರ್ಟೂನೇ ಹಿಡಿಸಬೇಕಿತ್ತು. ಮನಸ್ಸಿನಲ್ಲಿ ನಿಂತದ್ದು ಭಿತ್ತಿಪತ್ರ.

ಕಾರ್ಟೂನಿನ ಹೆಸರು ‘ಹೆಲ್-ಬೆಂಟ್ ಫಾರ್ ಇಲೆಕ್ಷನ್’. ಹಣ ಹಾಕಿದ್ದು ಮೋಟಾರು ಕಾರ್ಮಿಕರ ಸಂಘ ಯುಎಡಬ್ಲ್ಯು. ನಿರ್ದೇಶಕ, ಬಗ್ಸ್ ಬನ್ನಿಯ ಕಾರ್ಟೂನುಗಳಿಂದ ಹೆಸರಾದ ಚಕ್ ಜೋನ್ಸ್. ರೂಸ್‌ವೆಲ್ಟರ ಮುಖ ಹೊತ್ತ ಹೊಸ ರೈಲೊಂದು ಬರುತ್ತಿದೆ, ಎದುರಾಳಿಯಾಗಿ ‘ಡಿಫೀಟಿಸ್ಟ್ ಲಿಮಿಟೆಡ್’ ಎಂಬ ಹಳೆಯ ರೈಲು. ಜೋ ಎಂಬ ರೈಲ್ವೆ ಕೆಲಸಗಾರ ಸಮಯಕ್ಕೆ ಸರಿಯಾಗಿ ಹಳಿ ಬದಲಿಸಬೇಕು. ಠಕ್ಕನೊಬ್ಬನ ಮೋಸಕ್ಕೆ ಸಿಕ್ಕಿ ಜೋ ನಿದ್ದೆಗೆ ಜಾರುತ್ತಾನೆ, ಕೊನೆಯ ಗಳಿಗೆಯಲ್ಲಿ ಎಚ್ಚರಗೊಳ್ಳುತ್ತಾನೆ. ಚಿತ್ರಕ್ಕೆ ವೇಗವಿದೆ, ನಗುವೂ ಬರುತ್ತದೆ. ಆದರೆ ಹಗಲಿರುಳು ದುಡಿಯುವವನಿಗೆ ‘ನೀನು ಮಲಗಿದ್ದೀಯೆ, ಏಳು’ ಎಂದು ಅವನ ಸಂಘವೇ ಹೇಳಬೇಕೆ? ಉರ್ದುವಿನಲ್ಲಿ ಇದಕ್ಕೆ ನಸೀಹತ್ ಎನ್ನುತ್ತಾರೆ. ಕೊಡುವವರಿಗೆ ಹಿತ, ಕೇಳುವವರಿಗೆ ಬೇಸರ.

ಭಿತ್ತಿಪತ್ರದ ಹಿಂದೆ ಕಾನೂನಿನ ಕತೆಯೊಂದಿದೆ. 1943ರ ಸ್ಮಿತ್-ಕಾನಲಿ ಕಾಯ್ದೆ, ಸಂಘಗಳು ರಾಷ್ಟ್ರಮಟ್ಟದ ಚುನಾವಣೆಗೆ ದೇಣಿಗೆ ಕೊಡುವುದನ್ನು ನಿಷೇಧಿಸಿತು. ಸಿಐಒ ಒಕ್ಕೂಟ ಅದೇ ವರ್ಷ ಸಿಡ್ನಿ ಹಿಲ್‌ಮನ್ ಮುಂದಾಳುತನದಲ್ಲಿ ಪ್ರತ್ಯೇಕ ರಾಜಕೀಯ ಸಮಿತಿ ಕಟ್ಟಿತು. ಅದಕ್ಕಾಗಿ ಚಿತ್ರ ಕೊಟ್ಟವರು ಬೆನ್ ಶಾನ್. ಲಿಥುವೇನಿಯಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರು. ಕಾಗದದ ತುಂಬ ಇಬ್ಬರು ವೆಲ್ಡರ್‌ಗಳು, ಒಬ್ಬ ಬಿಳಿಯ, ಒಬ್ಬ ಕರಿಯ. ಯುದ್ಧದ ನಂತರ ಎಲ್ಲರಿಗೂ ಉದ್ಯೋಗ ಬೇಕಿದ್ದರೆ ಹೆಸರು ನೋಂದಾಯಿಸಿ, ಮತ ಹಾಕಿ ಎಂಬುದಷ್ಟೇ ಸಂದೇಶ. ರೂಸ್‌ವೆಲ್ಟರ ಹೆಸರೇ ಇಲ್ಲ! ಯಾರಿಗೆ ಮತ ಹಾಕಬೇಕೆಂಬುದು ನೋಡುವವನಿಗೆ ಗೊತ್ತಿದೆ ಎಂಬ ನಂಬಿಕೆ ಅದರಲ್ಲಿದೆ. ಮತದಾರನನ್ನು ಹೀಗೆ ನಂಬುವ ಜಾಹೀರಾತುಗಳು ಎಷ್ಟಿವೆ?

ಆದರೆ ಆ ‘ನೋಂದಾಯಿಸಿ’ ಎಂಬ ಮಾತು ಇಬ್ಬರಿಗೂ ಒಂದೇ ಆಗಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ತಲೆಗಂದಾಯ, ಓದುಬರಹದ ಪರೀಕ್ಷೆ, ಬೆದರಿಕೆಗಳು ಕರಿಯರನ್ನು ಮತಪಟ್ಟಿಯಿಂದ ಹೊರಗಿಟ್ಟಿದ್ದವು. ಆ ಬಾಗಿಲು ಸರಿಯಾಗಿ ತೆರೆಯಲು 1965ರ ಮತದಾನ ಹಕ್ಕು ಕಾಯ್ದೆಯೇ ಬರಬೇಕಾಯಿತು. ಕಾರ್ಖಾನೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟವರು ಮತಗಟ್ಟೆಯಲ್ಲಿ ಸಮಾನರಲ್ಲ ಎಂಬುದನ್ನು ಆ ಚಿತ್ರ ಹೇಳುವುದಿಲ್ಲ. ಆ ಯುದ್ಧಕಾಲದಲ್ಲಿ ವೆಲ್ಡಿಂಗ್ ಮಾಡಿದ ಹೆಂಗಸರಂತೂ ಕಾಗದದ ಮೇಲೆ ಕಾಣುವುದೇ ಇಲ್ಲ. ಮೆಚ್ಚಿದ ಕೃತಿಯೆಂದು ಇದನ್ನು ಮುಚ್ಚಿಡಲಾರೆವು.

2024ರ ಆಗಸ್ಟಿನಲ್ಲಿ ಅದೇ ಯುಎಡಬ್ಲ್ಯು ಅಧ್ಯಕ್ಷ ಶಾನ್ ಫೇನ್, ಷಿಕಾಗೋದ ಡೆಮಾಕ್ರಟಿಕ್ ಸಮಾವೇಶದಲ್ಲಿ ಮೇಲಂಗಿ ಕಳಚಿ ಕೆಂಪು ಟೀ-ಶರ್ಟ್ ತೋರಿಸಿದರು. ಟ್ರಂಪ್ ಮುಷ್ಕರ ಮುರಿಯುವವನು ಎಂಬ ಬೈಗುಳ ಅದರ ಮೇಲಿತ್ತು. ಸಭೆ ಕುಣಿಯಿತು. ಮುಂದಿನ ತಿಂಗಳು ಟೀಮ್‌ಸ್ಟರ್ಸ್ ಸಂಘ, ತನ್ನ ಸದಸ್ಯರಲ್ಲಿ ಹೆಚ್ಚಿನವರು ಟ್ರಂಪ್ ಕಡೆಗಿದ್ದಾರೆಂಬ ಸಮೀಕ್ಷೆಗಳನ್ನು ಪ್ರಕಟಿಸಿ, ಯಾರಿಗೂ ಬೆಂಬಲವಿಲ್ಲ ಎಂದಿತು. ಆ ಸದಸ್ಯರಿಗೆ ಟೀ-ಶರ್ಟಿನಲ್ಲಿ ಓದಲು ಏನೂ ಇರಲಿಲ್ಲ.