ಪಶುವಿಜ್ಞಾನದಲ್ಲಿ ಸ್ನಾತಕೋತ್ತರ ಸಂಶೋಧನೆ: ‘ಅವಕಾಶ’ವೆಂಬ ಮಾತಿನ ವಿಮರ್ಶೆ

ಪಶುವೈದ್ಯ ಮತ್ತು ಪಶುವಿಜ್ಞಾನಗಳಲ್ಲಿ ಸ್ನಾತಕೋತ್ತರ ಸಂಶೋಧನೆಗಿರುವ ಅವಕಾಶಗಳನ್ನು ಕುರಿತು ಇತಿಹಾಸದ ಅಧ್ಯಾಪಕರಾದ ನಾವು ಲೇಖನಿ ಹಿಡಿದುದು ಕೆಲವರಿಗೆ ಅನಧಿಕಾರ ಪ್ರವೇಶವೆಂದು ತೋರಬಹುದು. ರೋಗನಿದಾನದ ಸೂಕ್ಷ್ಮಗಳನ್ನಾಗಲಿ ತಳಿಶಾಸ್ತ್ರದ ಗಣಿತವನ್ನಾಗಲಿ ನಾವು ಬಲ್ಲವರಲ್ಲ. ಆದರೆ ನಮ್ಮ ಕಾಲೇಜುಗಳಲ್ಲಿ ಈ ವಿಷಯ ಪ್ರಸ್ತಾಪಕ್ಕೆ ಬಂದಾಗಲೆಲ್ಲ ‘ಅವಕಾಶ’ವೆಂಬ ಶಬ್ದವು ಬಹು ಸಂಕುಚಿತವಾದ ಅರ್ಥದಲ್ಲಿ ಬಳಕೆಯಾಗುತ್ತಿದೆಯೆಂದೂ, ಅದರಿಂದ ಪಶುವಿಜ್ಞಾನಕ್ಕೂ ಇತಿಹಾಸಕ್ಕೂ ಸಮಾನವಾದ ನಷ್ಟವುಂಟಾಗುತ್ತಿದೆಯೆಂದೂ ನಮಗೆ ತೋರಿದೆ. ಆ ಶಬ್ದದ ಅರ್ಥವನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇವೆ.

ಇರುವುದನ್ನು ಇದೆಯೆಂದು ಮೊದಲು ಒಪ್ಪಿಕೊಳ್ಳತಕ್ಕದ್ದು. 1889ರಲ್ಲಿ ಪುಣೆಯಲ್ಲಿ ಪ್ರಾರಂಭವಾಗಿ, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡ ಚಿಕ್ಕ ಪ್ರಯೋಗಾಲಯವೇ ಬೆಳೆದು ಇಂದು ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಾಗಿದೆ. 1983ರಿಂದ ಅದಕ್ಕೆ ವಿಶ್ವವಿದ್ಯಾನಿಲಯದ ಮಾನ್ಯತೆಯೂ ಉಂಟು. ನಮ್ಮ ರಾಜ್ಯದ ಮಟ್ಟಿಗೆ ಹೇಳುವುದಾದರೆ, ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯ ಕಾಲೇಜು ಸ್ಥಾಪಿತವಾಯಿತು. ಬೀದರಿನಲ್ಲಿ ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳಿಗೆಂದೇ ಪ್ರತ್ಯೇಕ ವಿಶ್ವವಿದ್ಯಾನಿಲಯವಿದೆ. ಪಶುಪೋಷಣೆಯ ರಾಷ್ಟ್ರೀಯ ಸಂಸ್ಥೆ, ಪಶುರೋಗಗಳ ಹರಡಿಕೆಯನ್ನು ಅಭ್ಯಸಿಸುವ ಸಂಸ್ಥೆ, ಹೈನುಗಾರಿಕೆಯ ಸಂಶೋಧನೆಯ ದಕ್ಷಿಣ ಕೇಂದ್ರ, ಈ ಮೂರೂ ಬೆಂಗಳೂರಿನಲ್ಲಿಯೇ ಇವೆ. ಪಶುವೈದ್ಯ ಪದವೀಧರನು ಎಂ.ವಿ.ಎಸ್‌ಸಿ. ವ್ಯಾಸಂಗವನ್ನು ಎರಡು ವರ್ಷಗಳಲ್ಲಿ ಮುಗಿಸಿ, ಬಳಿಕ ಪಿಎಚ್.ಡಿ.ಗೆ ತೊಡಗಬಹುದು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಶಿಷ್ಯವೇತನಗಳೂ ಅರ್ಹರಿಗೆ ಲಭ್ಯವಾಗುತ್ತವೆ. ಈ ಅನುಕೂಲಗಳನ್ನು ಅಲ್ಪವೆನ್ನುವವರು ಕೃತಘ್ನರೇ ಸರಿ.

ಆದರೆ ಇದನ್ನೆಲ್ಲ ಪಟ್ಟಿಮಾಡಿದೊಡನೆ ಅವಕಾಶಗಳನ್ನು ಹೇಳಿ ಮುಗಿಸಿದಂತಾಯಿತೆ? ಸ್ಥಾನ, ವೇತನ, ಉದ್ಯೋಗ ಇವು ಸಂಶೋಧನೆಗೆ ಬೇಕಾದ ಸೌಕರ್ಯಗಳು. ಉತ್ತರವನ್ನು ಬೇಡುವ ಪ್ರಶ್ನೆಯೊಂದು ಎಲ್ಲಿದೆಯೋ ಸಂಶೋಧಕನ ನಿಜವಾದ ಅವಕಾಶವೂ ಅಲ್ಲಿದೆ. ಹೀಗೆ ತಿಳಿದು ನೋಡಿದರೆ, ನಮ್ಮ ನಾಡಿನ ಪಶುವಿಜ್ಞಾನದ ಹಿರಿಯ ಪ್ರಶ್ನೆಗಳಲ್ಲಿ ಕೆಲವು ಪ್ರಯೋಗಾಲಯದ ಹೊರಗೆ, ಹಳೆಯ ಗ್ರಂಥಗಳಲ್ಲಿ, ಸರ್ಕಾರದ ದಫ್ತರಗಳಲ್ಲಿ, ವೃದ್ಧರ ನೆನಪುಗಳಲ್ಲಿ ಅಡಗಿರುವುದು ಕಂಡುಬರುತ್ತದೆ. ಮೂರು ನಿದರ್ಶನಗಳನ್ನು ಕೊಡುತ್ತೇವೆ.

ಮೊದಲನೆಯದು ‘ಗೋವೈದ್ಯ’. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ರಚಿಸಿದ ಈ ಗ್ರಂಥವು ಪಶುಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ನಮಗೆ ತಿಳಿದಿರುವ ಅತಿ ಪ್ರಾಚೀನ ಕೃತಿ. ಇದರ ಗತಿಯನ್ನು ನೋಡಿರಿ. ಸಾಹಿತ್ಯ ಚರಿತ್ರೆಯನ್ನು ಬರೆಯುವವರು, ಕಾವ್ಯಗುಣವಿಲ್ಲವೆಂದು, ಇದಕ್ಕೆ ಎರಡು ಪಂಕ್ತಿಗಳನ್ನು ಮೀಸಲಿಟ್ಟು ಮುಂದೆ ಸಾಗುತ್ತಾರೆ. ಪಶುವೈದ್ಯರು ತಮ್ಮ ಶಾಸ್ತ್ರದ ಪ್ರಾಚೀನತೆಯನ್ನು ಸಾರಲು ಪೀಠಿಕೆಯಲ್ಲಿ ಇದರ ಹೆಸರನ್ನು ಹೇಳಿ, ಎರಡನೆಯ ಪುಟದಲ್ಲಿ ಮರೆಯುತ್ತಾರೆ. ಹೀಗೆ ಇಬ್ಬರೂ ಇದನ್ನು ಗೌರವಿಸುತ್ತಾರೆ; ಓದುವವರು ವಿರಳ. ಇದರಲ್ಲಿ ಮದ್ದೂ ಮಂತ್ರವೂ ಬೆರೆತಿರುವುದನ್ನು ವಿದ್ವಾಂಸರು ಬಹುಕಾಲದಿಂದ ಬಲ್ಲರು. ಆದರೆ ಯಾವ ರೋಗಕ್ಕೆ ಮದ್ದು, ಯಾವುದಕ್ಕೆ ಮಂತ್ರ, ಎಲ್ಲಿ ಎರಡೂ ಎಂದು ವಿಂಗಡಿಸಿ ನೋಡಿದಲ್ಲಿ, ಅಂದಿನವರಿಗೆ ಯಾವ ಬೇನೆ ಸಾಧ್ಯವಾಗಿತ್ತು, ಯಾವುದು ಅಸಾಧ್ಯವಾಗಿತ್ತು ಎಂಬುದರ ಸುಳಿವು ದೊರೆಯದಿರದು. ಇದಕ್ಕೆ ಹಳಗನ್ನಡ, ಸಸ್ಯಶಾಸ್ತ್ರ, ಪಶುವೈದ್ಯ ಮೂರರ ಪರಿಚಯವೂ ಬೇಕು. ಇಲ್ಲಿ ಎಚ್ಚರವೂ ಅವಶ್ಯ. ಪ್ರಾಚೀನರು ಹೇಳಿದ ಬೇನೆಯೇ ಇಂದಿನ ಗಳಲೆರೋಗ, ಇಂದಿನ ಚಪ್ಪೆರೋಗ ಎಂದು ಹೆಸರಿನ ಹೋಲಿಕೆಯಿಂದಲೇ ನಿರ್ಣಯಿಸುವುದು ಸಂಶೋಧನೆಯಾಗದು, ಅದು ಅಭಿಮಾನವಷ್ಟೆ.

ಎರಡನೆಯದು ಅಮೃತಮಹಲ್. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಈ ಹೆಸರನ್ನು ಪಡೆಯಿತು. ಫಿರಂಗಿಗಳನ್ನೂ ದಾಸ್ತಾನುಗಳನ್ನೂ ಎಳೆದ ಈ ಎತ್ತುಗಳು 1799ರ ಬಳಿಕ ಇಂಗ್ಲಿಷರ ವಶವಾದವು. ಮಿತವ್ಯಯದ ಹೆಸರಿನಲ್ಲಿ ಅವರು 1860ರಲ್ಲಿ ಮಂದೆಗಳನ್ನು ಮಾರಿಬಿಟ್ಟರು. ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕೂಡಿಹಾಕತೊಡಗಿದರು. 1882ರಲ್ಲಿ ಮಂದೆಗಳು ಮೈಸೂರು ಸರ್ಕಾರಕ್ಕೆ ಸೇರಿದವು. ತಳಿಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಸ್ವಾರಸ್ಯವಾದ ಪ್ರಶ್ನೆ ಯಾವುದು? ಒಮ್ಮೆ ಚದರಿಹೋದ ಮಂದೆಯನ್ನು ಮರಳಿ ಕಟ್ಟಿದಾಗ, ಹಳೆಯ ರಕ್ತವೆಷ್ಟು ಉಳಿಯಿತು, ನೆರೆಯ ಹಳ್ಳಿಕಾರ್ ರಕ್ತವೆಷ್ಟು ಸೇರಿತು? ಇಂದಿನ ಅಜ್ಜಂಪುರದ ತಳಿಸಂವರ್ಧನ ಕೇಂದ್ರದ ರಾಸುಗಳ ರಕ್ತಪರೀಕ್ಷೆಯಿಂದ ಅರ್ಧ ಉತ್ತರ ಸಿಗಬಹುದು; ಉಳಿದರ್ಧವನ್ನು ಹತ್ತೊಂಬತ್ತನೆಯ ಶತಮಾನದ ಕಾಗದಪತ್ರಗಳಲ್ಲಿ ಹುಡುಕಬೇಕು. ಮಂದೆಗಳಿಗೆಂದು ಬಿಟ್ಟ ಕಾವಲುಗಳಾದರೋ ವರ್ಷವರ್ಷಕ್ಕೂ ಕಿರಿದಾಗುತ್ತ ಬಂದಿವೆ. ಚಳ್ಳಕೆರೆ ತಾಲೂಕಿನಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೇ ಹಂಚಿಕೆಯಾಯಿತು. ಒಂದು ವಿಜ್ಞಾನಕ್ಕೆ ನೆಲ ದೊರೆತಾಗ ಮತ್ತೊಂದು ವಿಜ್ಞಾನದ ವಸ್ತುವಿಗೆ ಮೇವು ತಪ್ಪಿತೆಂಬುದನ್ನು ಗಮನಿಸಿದವರು ಕಡಮೆ.

ಮೂರನೆಯದು ನಮ್ಮ ಹಳ್ಳಿಗರು ದೊಡ್ಡರೋಗವೆಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್. ಮುಕ್ತೇಶ್ವರದಲ್ಲಿ 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ಆಡುಗಳ ಮೂಲಕ ದುರ್ಬಲಗೊಳಿಸಿದ ವಿಷಾಣುವಿನಿಂದ ಲಸಿಕೆ ಸಿದ್ಧವಾಯಿತು. 1954ರಿಂದ ದೇಶವ್ಯಾಪಿಯಾದ ಲಸಿಕೆ ಕಾರ್ಯ ನಡೆಯಿತು. 1995ರ ಅನಂತರ ಭಾರತದಲ್ಲಿ ರೋಗ ಕಾಣಿಸಿಕೊಳ್ಳಲಿಲ್ಲ. 2011ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಮನುಷ್ಯನು ಭೂಮಿಯಿಂದಲೇ ತೊಡೆದುಹಾಕಿದ ರೋಗಗಳು ಎರಡೇ. ಸಿಡುಬು ಒಂದು, ಇದು ಇನ್ನೊಂದು. ಈ ವಿಜಯದ ಪ್ರಯೋಗಾಲಯದ ಭಾಗ ಗ್ರಂಥಸ್ಥವಾಗಿದೆ. ಆದರೆ ಹಳ್ಳಿಯಿಂದ ಹಳ್ಳಿಗೆ ಬಿಸಿಲಿನಲ್ಲಿ ಲಸಿಕೆಯನ್ನು ತಂಪಾಗಿ ಹೇಗೆ ಒಯ್ದರು, ಸೂಜಿಗೆ ಅಂಜಿದ ರೈತನನ್ನು ಏನು ಹೇಳಿ ಒಪ್ಪಿಸಿದರು, ಜಾತ್ರೆಯ ದನಗಳನ್ನು ಎಲ್ಲಿ ತಡೆದರು ಎಂಬುದು ಅಂದು ದುಡಿದ ಪಶುವೈದ್ಯರು ಮತ್ತು ಅವರ ಸಹಾಯಕರ ನೆನಪಿನಲ್ಲಿದೆ. ಅವರೆಲ್ಲ ನಿವೃತ್ತರಾಗಿದ್ದಾರೆ, ವರ್ಷಕ್ಕೊಬ್ಬರಂತೆ ಅಗಲುತ್ತಿದ್ದಾರೆ. ಮಿಕ್ಕೆರಡು ನಿದರ್ಶನಗಳ ಕಾಗದವೂ ಓಲೆಯೂ ಇನ್ನಷ್ಟು ಕಾಲ ಕಾಯಬಹುದು. ಈ ಸಾಕ್ಷಿಗಳು ಕಾಯಲಾರರು.

ಇದಕ್ಕೊಂದು ಆಕ್ಷೇಪವುಂಟು. ಎರಡು ವರ್ಷದ ಅವಧಿಯಲ್ಲಿ ಪಾಠ, ಪರೀಕ್ಷೆ, ಪ್ರಬಂಧಗಳನ್ನು ಮುಗಿಸಬೇಕಾದ ಎಂ.ವಿ.ಎಸ್‌ಸಿ. ವಿದ್ಯಾರ್ಥಿ ಹಳಗನ್ನಡವನ್ನು ಕಲಿಯುವುದೆಂತು? ಕಾಲುಬಾಯಿ ಜ್ವರ ಕಣ್ಣ ಮುಂದಿರುವಾಗ ಅಳಿದ ರೋಗದ ಚಿಂತೆ ಏಕೆ? ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆವು. ಎಲ್ಲರೂ ಈ ದಾರಿ ಹಿಡಿಯಬೇಕೆಂಬುದು ನಮ್ಮ ವಾದವೂ ಅಲ್ಲ. ಆದರೆ ಅಳಿಸಿದ ರೋಗದ ಅನುಭವವೇ ಅಳಿಯದ ರೋಗಕ್ಕೆ ಕೈದೀವಿಗೆಯೆಂಬುದನ್ನು ಮರೆಯಬಾರದು. ಹಳಗನ್ನಡವನ್ನು ಓದಬಲ್ಲವರು ಪಕ್ಕದ ಕಲಾ ಕಾಲೇಜಿನಲ್ಲಿದ್ದಾರೆ. ಅವರನ್ನು ಯಾರೂ ಕೇಳಿಲ್ಲ.

ಹಾಗೆಂದು ತಪ್ಪನ್ನೆಲ್ಲ ಪಶುವೈದ್ಯರ ಮೇಲೆ ಹೊರಿಸಿದರೆ ನ್ಯಾಯವಾಗದು. ನಾವು ಹಲವು ವರ್ಷ ಮೈಸೂರು ಯುದ್ಧಗಳನ್ನು ಬೋಧಿಸಿದ್ದೇವೆ. ಒಮ್ಮೆ ವಿದ್ಯಾರ್ಥಿಯೊಬ್ಬನು, “ಫಿರಂಗಿಯನ್ನು ಎಳೆದವರು ಯಾರು, ಸರ್?” ಎಂದು ಕೇಳಿದನು. ಎತ್ತುಗಳೆಂದು ಉತ್ತರಿಸಿದೆವು. “ಎಷ್ಟು ಎತ್ತು? ಅವಕ್ಕೆ ದಾರಿಯಲ್ಲಿ ಮೇವು ಯಾರು ಹಾಕಿದರು?” ಎಂದು ಮತ್ತೆ ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಸೇನಾಪತಿಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದ ನಾವು ಸೇನೆಯ ಕಾಲುಗಳನ್ನೇ ಮರೆತಿದ್ದೆವು. ಆ ವಿದ್ಯಾರ್ಥಿಗೆ ಉತ್ತರ ಕೊಡಬಲ್ಲ ಪಶುವಿಜ್ಞಾನಿ ನಮ್ಮ ಊರಿನಲ್ಲಿಯೇ ಇದ್ದಿರಬಹುದು. ಅವರನ್ನು ನಾವೂ ಕೇಳಿರಲಿಲ್ಲ.

ಆದಕಾರಣ ನಮ್ಮ ಸೂಚನೆ ಸರಳವಾದುದು. ಪಶುವಿಜ್ಞಾನದ ಪ್ರಬಂಧಗಳಲ್ಲಿ ಕೆಲವಕ್ಕಾದರೂ ಇತಿಹಾಸ ಇಲ್ಲವೆ ಕನ್ನಡ ವಿಭಾಗದಿಂದ ಎರಡನೆಯ ಮಾರ್ಗದರ್ಶಕರಿರಲಿ. ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಜಿಲ್ಲೆಯ ನಿವೃತ್ತ ಪಶುವೈದ್ಯರ ಹೇಳಿಕೆಗಳನ್ನು ಬರೆದುಕೊಳ್ಳಲಿ. ಇದಕ್ಕೆ ಹೊಸ ಕಟ್ಟಡವಾಗಲಿ ವಿಶೇಷ ಅನುದಾನವಾಗಲಿ ಬೇಕಾಗಿಲ್ಲ. ಎರಡು ವಿಭಾಗಗಳ ಅಧ್ಯಾಪಕರು ಒಂದು ಮೇಜಿನ ಸುತ್ತ ಕುಳಿತರೆ ಸಾಕು. ಈ ಸಂಚಿಕೆಯನ್ನು ಓದುವ ಪಶುವಿಜ್ಞಾನದ ಅಧ್ಯಾಪಕರು ಯಾರಾದರೂ ಕರೆದಲ್ಲಿ, ಮೊದಲು ಹೋಗಿ ಕುಳಿತುಕೊಳ್ಳಲು ನಾವು ಸಿದ್ಧರಾಗಿದ್ದೇವೆ.